ಕೂಲೆಂಟ್ ಖಾಲಿಯಾಗುತ್ತಿದೆ, ನೆಲ ಮಾತ್ರ ಒಣಗಿದೆ: ಹೆಡ್ ಬಿಚ್ಚಿಸುವ ಮೊದಲು ಏನು ನೋಡಬೇಕು?

ನಿಮ್ಮ 2004ರ ಮಾರುತಿ 800ಕ್ಕೆ ಆಗಾಗ ಕೂಲೆಂಟ್ (ಇಂಜಿನ್ ತಣಿಸುವ ನೀರು) ಸುರಿಯಬೇಕಾಗುತ್ತಿದೆ, ಶಿರಾಡಿ ಘಾಟಿ ಹತ್ತುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ, ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ತೊಟ್ಟೂ ಕಾಣುವುದಿಲ್ಲ. ಹಾಗಾಗಿ ಹೆಡ್ ಗ್ಯಾಸ್ಕೆಟ್ (ಇಂಜಿನಿನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ, ನಂಬಬಹುದೇ ಎಂದು ಕೇಳಿದ್ದೀರಿ. ನಂಬಬಹುದು, ಆದರೆ ಪರೀಕ್ಷೆ ಮಾಡಿ ತೋರಿಸಿದ ಮೇಲೆ. ಬರೀ ಊಹೆಯ ಮೇಲೆ ಹೆಡ್ ಇಳಿಸಲು ಒಪ್ಪಬೇಡಿ.

ನೆಲ ಒಣಗಿದೆ ಎಂದರೆ ಹೊರಗೆ ಸೋರಿಕೆ ಇಲ್ಲ ಎಂದರ್ಥವಲ್ಲ. ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನಲ್ಲಿ ಒತ್ತಡವೇ ಇರುವುದಿಲ್ಲ. ಓಡುವಾಗ ಒತ್ತಡ ಏರಿದರೆ ಸಣ್ಣ ಬಿರುಕಿನಿಂದಲೂ ನೀರು ಚಿಮ್ಮುತ್ತದೆ, ಬಿಸಿ ಲೋಹಕ್ಕೆ ತಾಗಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಉಳಿಯುವುದು ಕಲೆ ಮಾತ್ರ. ಬೆಳಿಗ್ಗೆ ಬಾನೆಟ್ ಎತ್ತಿ ಟಾರ್ಚ್ ಹಿಡಿದು ಹುಡುಕಬೇಕಾದದ್ದು ಅದನ್ನೇ: ಒಣಗಿದ ಹಸಿರು ಅಥವಾ ಬಿಳಿ ಪುಡಿ. ಹೋಸ್‌ಗಳ ಕ್ಲಾಂಪ್ ಸುತ್ತ ನೋಡಿ. ರೇಡಿಯೇಟರ್ ಹಿತ್ತಾಳೆಯದಾದರೆ ಬೆಸುಗೆಯನ್ನು, ಅಲ್ಯೂಮಿನಿಯಂ ಆದರೆ ಪ್ಲಾಸ್ಟಿಕ್ ಟ್ಯಾಂಕ್ ಕೂಡುವ ಅಂಚನ್ನು ನೋಡಿ. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲ್ ಸವೆದಾಗ ನೀರು ಅಲ್ಲಿಂದ ಹೊರಬರಲೆಂದೇ ಅದನ್ನು ಬಿಟ್ಟಿರುತ್ತಾರೆ. ಅಲ್ಲಿ ಕಲೆಯಿದ್ದರೆ ಪಂಪಿನ ಕಾಲ ಮುಗಿದಿದೆ. ಕಾರಿನಲ್ಲಿ ಹೀಟರ್ ಇದ್ದರೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒತ್ತಿ ನೋಡಿ. ಅದು ಒದ್ದೆಯಾಗಿದ್ದು, ಒಳಗೆ ಸಿಹಿ ವಾಸನೆ ಬರುತ್ತಿದ್ದರೆ ಹೀಟರಿನ ಕಾಯಿಲ್ ಸೋರುತ್ತಿದೆ.

ಇಷ್ಟಕ್ಕೂ ಮೊದಲು ರೇಡಿಯೇಟರ್ ಮುಚ್ಚಳವನ್ನು ಬದಲಿಸಿ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಭಾಗ ಅದು, ಅತ್ಯಂತ ಕಡೆಗಣಿಸಲ್ಪಡುವುದೂ ಅದೇ. ಅದರ ಮೇಲೆ ಸಾಮಾನ್ಯವಾಗಿ 0.9 ಎಂದು ಬರೆದಿರುತ್ತದೆ, ಸುಮಾರು 0.9 ಬಾರ್ ಒತ್ತಡ ಎಂದರ್ಥ. ಅಷ್ಟು ಒತ್ತಡ ನಿಂತರೆ ಬರೀ ನೀರು ಕೂಡ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸಡಿಲವಾದರೆ ಘಾಟಿಯಲ್ಲಿ ಬೇಗನೆ ಕುದಿದು, ಪಕ್ಕದ ಕೂಲೆಂಟ್ ಡಬ್ಬಿ ತುಂಬಿ, ಅಲ್ಲಿಂದ ರಸ್ತೆಗೆ ಹೋಗುತ್ತದೆ. ಮನೆಗೆ ಬರುವ ಹೊತ್ತಿಗೆ ಸಾಕ್ಷಿಯೇ ಇರುವುದಿಲ್ಲ. ನೀವು ಬರೆದದ್ದನ್ನು ಓದಿದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಮುಚ್ಚಳ ಬದಲಿಸಿದರೂ ಕೂಲೆಂಟ್ ಇಳಿಯುತ್ತಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಕೆಲಸವನ್ನೇ ಮಾಡುವ ಅಂಗಡಿಗಳಲ್ಲಿ ಮುಚ್ಚಳದ ಜಾಗಕ್ಕೆ ಕೂರಿಸುವ ಕೈಪಂಪ್ ಇರುತ್ತದೆ. ಇಂಜಿನ್ ತಣ್ಣಗಿರುವಾಗಲೇ ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ ತುಂಬಿ ಕಾಲು ಗಂಟೆ ಬಿಟ್ಟರೆ, ಪಂಪಿನ ಮೀಟರಿನ ಮುಳ್ಳು ಇಳಿಯುತ್ತದೆ ಅಥವಾ ನಿಲ್ಲುತ್ತದೆ. ಮುಳ್ಳು ಇಳಿದರೂ ಹೊರಗೆ ಎಲ್ಲೂ ಹನಿ ಕಾಣದಿದ್ದರೆ ಆಗ ಇಂಜಿನಿನ ಒಳಗನ್ನು ಅನುಮಾನಿಸಬೇಕು.

ಅದಕ್ಕೂ ಪರೀಕ್ಷೆಗಳಿವೆ. ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿ. ಮೊದಲು ನಾಲ್ಕಾರು ಗುಳ್ಳೆಗಳು ಬರುವುದು ಸಹಜ, ಸಿಕ್ಕಿಕೊಂಡ ಗಾಳಿ ಅದು. ನಿಲ್ಲದೆ ಬರುತ್ತಲೇ ಇದ್ದರೆ ಉರಿದ ಅನಿಲ ನೀರಿಗೆ ನುಗ್ಗುತ್ತಿದೆ. ಮುಚ್ಚಳ ಹಾಕಿ ಚಾಲೂ ಮಾಡಿದಾಗ ಇಂಜಿನ್ ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತಾಗುವುದೂ ಅದೇ ಲಕ್ಷಣ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒಂದು ಮಾತ್ರ ತೊಳೆದಿಟ್ಟಂತೆ ಶುಭ್ರವಾಗಿದ್ದರೆ ನೀರು ಆ ಸಿಲಿಂಡರಿಗೆ ಹೋಗುತ್ತಿರಬಹುದು. ಆಯಿಲ್ ಮುಚ್ಚಳದ ಒಳಬದಿಯ ಕೆನೆಯನ್ನು ಕಂಡು ಗಾಬರಿಯಾಗಬೇಡಿ, ಮಳೆಗಾಲದಲ್ಲಿ ಹತ್ತಿರದ ಓಡಾಟಕ್ಕಷ್ಟೇ ಬಳಸುವ ಕಾರುಗಳಲ್ಲಿ ತೇವಾಂಶದಿಂದಲೂ ಅದು ಕಟ್ಟುತ್ತದೆ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನಲ್ಲೇ ಆಯಿಲ್ ನೀರು ಬೆರೆತು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಕಾರನ್ನು ಓಡಿಸಲೇಬೇಡಿ.

ಕಾರು ಯಾವಾಗ ಹೀಟ್ ಆಗುತ್ತದೆ ಎಂಬುದೂ ಬಹಳ ಹೇಳುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡತೊಡಗಿದೊಡನೆ ಇಳಿದರೆ ಫ್ಯಾನ್, ಅದರ ಫ್ಯೂಸ್, ರಿಲೇ ಅಥವಾ ಸ್ವಿಚ್ ನೋಡಿ. ನಿಮ್ಮಂತೆ ಏರುದಾರಿಯಲ್ಲೇ ಏರಿದರೆ ನೀರು ಕಡಿಮೆಯಾಗಿರಬೇಕು, ಇಲ್ಲವೇ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬೇಕು. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಹಾಕುವ ಹಳೆಯ ಚಾಲಕರ ಉಪಾಯವೂ ಅಷ್ಟೇ, ಊರು ಮುಟ್ಟಿಸುತ್ತದೆ, ಆಮೇಲೆ ಕೊಳವೆಗಳನ್ನೂ ಮುಚ್ಚುತ್ತದೆ. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವ್ ತೆಗೆದು ಬಿಸಾಡಿ ಎನ್ನುವವರ ಮಾತನ್ನಂತೂ ಕೇಳಬೇಡಿ. ಕೆಟ್ಟಿದ್ದರೆ ಹೊಸದು ಹಾಕಿಸಿ. ಅದಿಲ್ಲದ ಇಂಜಿನ್ ಕಾಯಲು ಹೊತ್ತು ಹಿಡಿದು ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಕಾರಣ ಸಿಕ್ಕಿ ಸರಿಯಾಗುವವರೆಗೆ ಘಾಟಿಗೆ ಹೋಗಬೇಡಿ. ದಾರಿಯಲ್ಲಿ ಮುಳ್ಳು ಏರಿದರೆ ಏಸಿ ಆರಿಸಿ, ಹೀಟರ್ ಇದ್ದರೆ ಪೂರ್ತಿ ತಿರುಗಿಸಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಮುಚ್ಚಳ ಬರಿಗೈಗೆ ತಣ್ಣಗೆನಿಸುವವರೆಗೆ ತಿರುಗಿಸಬೇಡಿ. ಈ ಇಂಜಿನಿನ ಹೆಡ್ ಅಲ್ಯೂಮಿನಿಯಂನದು, ಕುದಿಯುವಾಗ ತಣ್ಣೀರು ಸುರಿದರೆ ಬಾಗಬಹುದು, ಬಿರುಕೂ ಬಿಡಬಹುದು. ಹೊರತೆಗೆದ ಹಳೆಯ ಕೂಲೆಂಟನ್ನು ಮೋರಿಗೆ ಚೆಲ್ಲಬೇಡಿ. ಅದು ಸಿಹಿಯಾದ ವಿಷ, ನಾಯಿಗಳು ನೆಕ್ಕುತ್ತವೆ.

ಕೊನೆಗೆ ಗ್ಯಾಸ್ಕೆಟ್ಟೇ ಹೋಗಿದೆ ಎಂದು ಖಚಿತವಾದರೆ, ಹೆಡ್ ಬಾಗಿದೆಯೇ ಎಂದು ಲೇತ್ ಅಂಗಡಿಯಲ್ಲಿ ಪರೀಕ್ಷಿಸಿದ ಮೇಲೆಯೇ ಹೊಸ ಗ್ಯಾಸ್ಕೆಟ್ ಕೂರಿಸಲು ಹೇಳಿ.