ಪಕ್ಕದವರು ಸೇರದಿದ್ದರೆ ನನ್ನ ಒಂದು ಎಕರೆ ಅಡಿಕೆ ತೋಟಕ್ಕಷ್ಟೇ ಕೊಳೆರೋಗದ ಮದ್ದು ಹೊಡೆಸಿದರೆ ಸಾಕೇ? ಯಾವ ಔಷಧಿ ಒಳ್ಳೆಯದು?

"ಊರವರನ್ನು ಕಾಯುತ್ತ ಕೂರುವ ಬದಲು ಒಳ್ಳೆಯ ಔಷಧಿ ತಂದು ನನ್ನಷ್ಟಕ್ಕೆ ಹೊಡೆಸಿಬಿಡುತ್ತೇನೆ" ಎಂದು ಬರೆದಿದ್ದೀರಿ. 2013ರ ಮೇ ತಿಂಗಳಲ್ಲಿ ನಾನೂ ಮನೆಯಲ್ಲಿ ಇದೇ ಮಾತು ಆಡಿದ್ದೆ.

ನಮ್ಮದು ಶಿರಸಿ–ಸಿದ್ದಾಪುರ ನಡುವಿನ ಕಣಿವೆಯ ಊರು. ಹಳ್ಳದ ಗುಂಟ 11 ಮನೆಗಳ ಅಡಿಕೆ ತೋಟ. ನಡುವೆ ಬೇಲಿ ಇಲ್ಲ, ಬಸಿಗಾಲುವೆಯೇ ಗಡಿ. ಮರ ಹತ್ತುವ ಕೊನೆಗೌಡರು ಇಬ್ಬರೇ. ಮೇಲಿನ ತುದಿಯಿಂದ ಶುರು ಮಾಡಿ ಕೆಳಗೆ ಬರುವುದು ಮೊದಲಿನಿಂದ ಬಂದ ಸರದಿ. ಕೆಳತುದಿಯಲ್ಲಿರುವ ನನ್ನ ತೋಟಕ್ಕೆ ಬರುವಾಗ ಜೂನ್ ಹಿಡಿದಿರುತ್ತಿತ್ತು. ಆ ವರ್ಷ ಫಸಲು ಚೆನ್ನಾಗಿತ್ತು, ಮಳೆ ಬೇಗ ಬರುವ ಲಕ್ಷಣವೂ ಇತ್ತು. ನನಗೆ ತಡೆಯಲಾಗಲಿಲ್ಲ. ದಿನಕ್ಕೆ 200 ರೂಪಾಯಿ ಹೆಚ್ಚಿಗೆ ಕೊಡುತ್ತೇನೆಂದು ಹೇಳಿ ಇಬ್ಬರನ್ನೂ ಮೊದಲು ನನ್ನ ತೋಟಕ್ಕೇ ಕರೆದುಕೊಂಡು ಬಂದೆ. ಮೇಲಿನ ತೋಟದ ದೊಡ್ಡಪ್ಪ ಮನೆಗೇ ಬಂದು ಹೇಳಿದರು: "ತಮಾ, ನಮ್ಮನೆ ಬದಿಗೆ ಬಿಸಿಲು ಕಡಿಮೆ. ಮೊದಲು ಅಲ್ಲಿ ಹೊಡೆಸವು." ನಾನು ಹೂಂ ಎಂದೆ, ಸರದಿ ಬಿಟ್ಟುಕೊಡಲಿಲ್ಲ.

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ತಪ್ಪೆಂದು ನನಗೆ ಆಗ ಅನಿಸಿರಲೇ ಇಲ್ಲ. ಸರದಿ ಎಂದರೆ ಬರೀ ಹಿರಿಯರ ಮರ್ಯಾದೆ ಎಂದುಕೊಂಡಿದ್ದೆ. ಮೇಲಿನ ತೋಟ ಬೆಟ್ಟದ ನೆರಳಿಗೆ ಇದೆ, ಮಧ್ಯಾಹ್ನದವರೆಗೂ ಅಡಿಕೆ ಗೊನೆ ಆರುವುದಿಲ್ಲ. ಕೊಳೆಗೆ ಬೇಕಾದದ್ದು ಅಂಥ ಜಾಗವೇ: 20ರಿಂದ 23 ಡಿಗ್ರಿಯ ತಂಪು, ಬಿಡದ ತೇವ. ಹಾಗಾಗಿ ನಮ್ಮ ಕಣಿವೆಯಲ್ಲಿ ರೋಗ ಪ್ರತಿವರ್ಷ ಹುಟ್ಟುವುದು ಅಲ್ಲೇ. ಹುಟ್ಟುವ ಜಾಗಕ್ಕೆ ಮಳೆಗೆ ಮೊದಲೇ ಮದ್ದು ಬಿದ್ದರೆ ಕೆಳಗಿನ ಹತ್ತೂ ತೋಟಗಳಿಗೆ ಅರ್ಧ ಕಾವಲು ಆದಂತೆ. ನಾನು ಆ ಕಾವಲನ್ನೇ ತೆಗೆದುಬಿಟ್ಟೆ.

ಜೂನ್ ಮೊದಲ ವಾರವೇ ಮಳೆ ಹಿಡಿಯಿತು. ಮೇಲಿನ ನಾಲ್ಕು ತೋಟಗಳಿಗೆ ಒಂದು ಹನಿ ಮದ್ದೂ ಬಿದ್ದಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಅಲ್ಲಿ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ, ಆಮೇಲೆ ಬಿಳಿ ಬೂಸ್ಟು, ಆಮೇಲೆ ಉದುರು. ಗಾಳಿಮಳೆಯ ಜೊತೆ ಅದು ಕೆಳಗಿಳಿಯಿತು. ನಾವು ಹೊಡೆಯುವ ಮದ್ದು ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ, ಕಾಯಿಯ ಹೊರಮೈಗೆ ಹಚ್ಚಿದ ಕವಚ ಅಷ್ಟೇ. ಕಾಯಿ ದಪ್ಪವಾದ ಹಾಗೆ ಕವಚ ಬಿರಿಯುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. 40–45 ದಿನಕ್ಕೆ ಎರಡನೇ ಸಲ ಹೊಡೆಯುವುದು ಅದಕ್ಕೇ. ಆದರೆ ನಾನು 200 ರೂಪಾಯಿ ಏರಿಸಿದ್ದು ಕಂಡು ಉಳಿದವರೂ ಏರಿಸಿದ್ದರು, ಪಕ್ಕದ ಊರಿನವರು ಇನ್ನೂ ಹೆಚ್ಚು ಕೊಟ್ಟಿದ್ದರು. ಜುಲೈ ನಡುವೆ ಕರೆಯಲು ಹೋದಾಗ ಕೊನೆಗೌಡ ಬಹಳ ಬೇಜಾರಿನಲ್ಲೇ ಹೇಳಿದ, "ಹೆಗಡೇರೆ, ಅಲ್ಲಿ ಮಾತು ಕೊಟ್ಟಾಗಿದೆ." ಅವನ ತಪ್ಪಿಲ್ಲ. ಮಾತು ಮುರಿಯುವುದನ್ನು ಶುರು ಮಾಡಿದ್ದು ನಾನು. ಆಗಸ್ಟ್ ಮುಗಿಯುವಾಗ ಮರದ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಅಡಿಕೆ ನನ್ನ ತೋಟದ ನೆಲದ ಮೇಲಿತ್ತು. ಅದನ್ನು ಹೆಕ್ಕುತ್ತಿದ್ದ ಆಯಿಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಹಾಗಾಗಿ ಯಾವ ಔಷಧಿ ಎಂಬ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಔಷಧಿ ಗೊತ್ತಾಗಿ ನೂರು ವರ್ಷ ದಾಟಿತು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಕೊಳೆರೋಗದ ಮೇಲೆ ಕೆಲಸ ಮಾಡಿದ್ದರು. ಬೋರ್ಡೋಗೆ ಬೇಕಾದದ್ದು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಹಳೆಯದಾಗಿರಬಾರದು, ಕಬ್ಬಿಣದ ಪಾತ್ರೆ ಬಳಸಬಾರದು. ದ್ರಾವಣಕ್ಕೆ ಚಾಕು ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು, ಮತ್ತು ಅಂದಿನದು ಅಂದೇ ಮುಗಿಯಬೇಕು. ಇಷ್ಟೇ. ಕೊಳೆ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಒಡಹುಟ್ಟೇ ಹಾಸನದ ಕಡೆ ಆಲೂಗಡ್ಡೆಗೆ ಅಂಗಮಾರಿ ತರುವುದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆತದ್ದೂ ಅದರಿಂದಲೇ. ಈ ಕುಲದ ರೋಗ ಒಬ್ಬನ ಗದ್ದೆಯಲ್ಲಿ ನಿಲ್ಲುವಂಥದ್ದಲ್ಲ, ಒಬ್ಬನೇ ನಿಲ್ಲಿಸಬಲ್ಲದ್ದೂ ಅಲ್ಲ.

ಪಕ್ಕದವರು "ಸೇರುತ್ತಿಲ್ಲ" ಎನ್ನುತ್ತೀರಿ. ಸಭೆ ಕರೆದು ಕೇಳಿದ್ದೀರೋ, ಮನೆಗೆ ಹೋಗಿ ಕೇಳಿದ್ದೀರೋ? 2014ರ ಬೇಸಿಗೆಯಲ್ಲಿ ನಾನು ಮೊದಲು ಹೋದದ್ದು ದೊಡ್ಡಪ್ಪನ ಮನೆಗೆ. ತಪ್ಪಾಯಿತು ಎಂದೆ. ಅವರು ಹೆಚ್ಚು ಮಾತಾಡಲಿಲ್ಲ, ಆಸರಿಗೆ (ಕುಡಿಯಲು) ಕೊಟ್ಟು ಸರದಿಯ ಪಟ್ಟಿ ಬರೆಯಲು ಕೂತರು. ಈಗ ಕೂಲಿ ಎಲ್ಲರಿಗೂ ಒಂದೇ, ಏಪ್ರಿಲ್‌ನಲ್ಲೇ ಗೊತ್ತುಮಾಡುತ್ತೇವೆ. ಮೈಲುತುತ್ತ ಒಟ್ಟಿಗೆ ತರುತ್ತೇವೆ. ಬೆಂಗಳೂರಿಗೆ ಹೋದವರ ಒಂದು ತೋಟ ಹಾಳು ಬಿದ್ದಿತ್ತು. ಅದರ ಖರ್ಚನ್ನು ಹತ್ತು ಮನೆಯವರು ಹಂಚಿಕೊಂಡು ಅಲ್ಲಿಗೂ ಹೊಡೆಸುತ್ತೇವೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ ಎಂದು ಹಟ ಹಿಡಿದವನು ನಾನೇ. ಉದುರಿದ ಕೊಳೆಕಾಯಿಯನ್ನು ಯಾರೂ ತೋಟದಲ್ಲಾಗಲಿ ಹಳ್ಳಕ್ಕಾಗಲಿ ಬಿಡುವಂತಿಲ್ಲ. ಕೊಳೆ ಪೂರ್ತಿ ಹೋಗಿಲ್ಲ, ಆದರೆ 2013ರಂಥ ವರ್ಷ ಮತ್ತೆ ಬಂದಿಲ್ಲ.

ನಿಮ್ಮ ಕಣಿವೆಯಲ್ಲಿ ರೋಗ ಮೊದಲು ಕಾಣುವುದು ಯಾರ ತೋಟದಲ್ಲಿ, ಕೊನೆಗೌಡರು ಎಷ್ಟು ಜನ ಇದ್ದಾರೆ, ಈ ಎರಡನ್ನು ಬರೆಯಿರಿ. ಸರದಿ ಹೇಗೆ ಹಾಕಬಹುದೆಂದು ಹೇಳುತ್ತೇನೆ.