ಕಾರಿನ ಒಳಾಂಗಣಕ್ಕೆ ಜರ್ಮನಿಯ ಅಳತೆಗೋಲೇ ಏಕೆ?

ಜರ್ಮನಿ, ಜಪಾನಿನ ಕಾರುಪ್ರಿಯರಂತೆ ನಮ್ಮವರು ಒಳಾಂಗಣದ ಗುಣಮಟ್ಟಕ್ಕೆ ಮಹತ್ವ ಕೊಡುವುದಿಲ್ಲವೇಕೆ ಎಂದು ತಾವು ಕೇಳಿದ್ದೀರಿ. ಕುಮಟಾದಲ್ಲಿ ಸೀಟ್ ಕವರ್ ಹೊಲಿಯುವ ಅಂಗಡಿ ನಡೆಸುವ ನನ್ನ ಅಭಿಪ್ರಾಯದಲ್ಲಿ ನಮ್ಮವರೂ ಮಹತ್ವ ಕೊಡುತ್ತಾರೆ. ಆದರೆ ಯಾವುದು ಒಳ್ಳೆಯದು ಎಂಬುದನ್ನು ಆಯಾ ನಾಡಿನ ರಸ್ತೆ, ಹವೆ ಮತ್ತು ತೆರಿಗೆ ತೀರ್ಮಾನಿಸುತ್ತವೆ.

ಜರ್ಮನಿಯ ಹೆದ್ದಾರಿಯಾದ ಆಟೋಬಾನ್‌ನ ಹಲವು ಭಾಗಗಳಲ್ಲಿ ಕಡ್ಡಾಯ ವೇಗಮಿತಿಯಿಲ್ಲ. ಅಂಥ ವೇಗದಲ್ಲಿ ಸಾಗುವವರಿಗೆ ಡ್ಯಾಶ್‌ಬೋರ್ಡಿನ ಸಣ್ಣ ಕಟಕಟ ಸದ್ದೂ ಅಸಹನೀಯ. 1993ರಿಂದ 2002ರವರೆಗೆ ಅಲ್ಲಿನ ಕಾರು ಕಂಪನಿ ಫೋಕ್ಸ್‌ವ್ಯಾಗನ್ನಿನ ಮುಖ್ಯಸ್ಥರಾಗಿದ್ದ ಫರ್ಡಿನಾಂಡ್ ಪೀಎಖ್ ಬಿಡಿಭಾಗಗಳ ನಡುವಿನ ಸಂದು ಕಿರಿದಾಗಲೇಬೇಕೆಂದು ಹಟ ಹಿಡಿದವರು. 1997ರ ನಾಲ್ಕನೇ ತಲೆಮಾರಿನ ಅವರ ಗಾಲ್ಫ್ ಕಾರಿನ ಮೆತ್ತನೆಯ ಡ್ಯಾಶ್‌ಬೋರ್ಡ್ ಆ ಕಾಲದ್ದೇ. ಜಪಾನಿನ ಟೊಯೋಟಾ ಸೆಂಚುರಿಯಂಥ ದುಬಾರಿ ಕಾರಿನಲ್ಲಿ ಉಣ್ಣೆಬಟ್ಟೆಯ ಸೀಟುಗಳಿರುತ್ತವೆ, ಏಕೆಂದರೆ ಚರ್ಮ ಕುಳಿತೇಳುವಾಗ ಸದ್ದು ಮಾಡುತ್ತದೆ. ಚರ್ಮದಂತೆ ಹೊಳೆಯುವ ರೆಕ್ಸಿನ್ನನ್ನೇ ಬಯಸುವ ನಮ್ಮ ಗಿರಾಕಿಗಳು ಇದನ್ನು ಸುಲಭಕ್ಕೆ ನಂಬುವುದಿಲ್ಲ.

ಅದೇ ಮೆತ್ತನೆಯ ಸುಖ ನಮ್ಮ ಕರಾವಳಿಯಲ್ಲಿ ಬಾಳುವುದು ಕಷ್ಟ. ಬಾಗಿಲ ಹಿಡಿಕೆ, ಸ್ವಿಚ್ಚುಗಳ ಮೇಲಿನ ರಬ್ಬರಿನಂಥ ಲೇಪ ಬಹುಮಟ್ಟಿಗೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತು. ಶಾಖ ಮತ್ತು ತೇವಾಂಶ ಸೇರಿದಲ್ಲಿ ಅದರ ಅಣುಗಳ ಕೊಂಡಿ ಕಳಚಿ, ಕೆಲವು ವರ್ಷಗಳಲ್ಲಿ ಬೆರಳಿಗೆ ಅಂಟತೊಡಗುತ್ತದೆ, ಉಗುರು ತಾಗಿದರೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ಕುಳಿತವರ ಸೀಟಿನ ರೆಕ್ಸಿನ್ ಬಿಚ್ಚಿದರೆ ಒಳಗಿನ ಫೋಮಿನ ತುಂಬ ಕಪ್ಪು ಬೂಷ್ಟು. ಹೊಲಿಗೆಯ ತೂತುಗಳಿಂದ ಇಳಿದ ನೀರಿಗೆ ಆರಲು ದಾರಿಯೇ ಇರುವುದಿಲ್ಲ. ಆದ್ದರಿಂದ ಇಲ್ಲಿ ಗಟ್ಟಿ ಪ್ಲಾಸ್ಟಿಕ್ಕನ್ನು ಅಗ್ಗದ್ದೆಂದು ಹೀಗಳೆಯುವುದು ನನಗೆ ಸರಿಕಾಣದು.

ತೆರಿಗೆಯ ಪಾತ್ರವೂ ದೊಡ್ಡದು. 2006ರಲ್ಲಿ ಕೇಂದ್ರ ಸರ್ಕಾರವು 4 ಮೀಟರಿಗಿಂತ ಚಿಕ್ಕದಾದ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು, ಅಂದರೆ ಆಗ ಕಾರ್ಖಾನೆಯ ಉತ್ಪಾದನೆಯ ಮೇಲಿದ್ದ ತೆರಿಗೆಯನ್ನು, ತಗ್ಗಿಸಿತು. ಅಲ್ಲಿಂದೀಚೆಗೆ ಪೈಪೋಟಿಯೆಲ್ಲ ಆ ಅಳತೆಯೊಳಗೇ ಬೆಳೆದು, ಮುಟ್ಟಿ ನೋಡುವ ಸಾಮಗ್ರಿಗಿಂತ ಕಣ್ಣಿಗೆ ಬೀಳುವ ಪರದೆ, ಸನ್‌ರೂಫ್‌ಗಳಿಗೆ ಹಣ ಹೋಗುತ್ತಿದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನು ಕಾರಿನ ಗೀಳಿನ ಮಾತು. ಜಪಾನಿನವರು ಯೊಕೊಹಾಮಾದ ಡೈಕೊಕು ಪಾರ್ಕಿಂಗ್ ತಾಣದಲ್ಲಿ ಕಾರುಗಳನ್ನು ನಿಲ್ಲಿಸಿ ಪರಸ್ಪರ ನೋಡಿ ಮೆಚ್ಚುತ್ತಾರೆ. ನಮ್ಮ ಶಿರಸಿ ಸೀಮೆಯಲ್ಲಿ ಹಳೆಯ ಜೀಪನ್ನು ಜತನದಿಂದ ಇಟ್ಟುಕೊಂಡ ಅಡಿಕೆ ತೋಟದವರ ಪ್ರೀತಿ ಅದಕ್ಕಿಂತ ಕಡಿಮೆಯದಲ್ಲ. ಅವರು ಕೇಳುವುದು ಕೆಸರು ತೊಳೆಯಲು ಬರುವ ತಗಡಿನ ನೆಲ, ಮಳೆಗೆ ಸೋರದ ಹುಡ್ (ಮೇಲ್ಹೊದಿಕೆ) ಮತ್ತು ಮೂಟೆ ಹೇರಿದರೂ ಹರಿಯದ ಸೀಟು.