ಇಟಲಿಯ ವೆರ್ನಾತ್ಸಾ ಅಂದರೆ ಬರೀ ಬಣ್ಣದ ಮನೆಗಳಾ? ಅದರ ಹಿಂದಿನ ಕಥೆ ಏನು?

ಬಣ್ಣದ ಮನೆಗಳು ಚೆಂದವೇ. ಆದರೆ ಈ ಊರನ್ನು ಕಟ್ಟಿದ್ದು ಕಲ್ಲು ಮತ್ತು ಬೆವರು.

ಲಿಗೂರಿಯಾ ಕರಾವಳಿಯ ಚಿಂಕ್ವೆ ತೆರ್ರೆ ಎಂಬ ಐದು ಊರುಗಳಲ್ಲಿ ವೆರ್ನಾತ್ಸಾ ಒಂದು. ಐದರಲ್ಲಿ ಸಹಜ ಬಂದರು ಇರುವುದು ಇಲ್ಲಿ ಮಾತ್ರ. ಹಾಗಾಗಿ ಹಿಂದಿನಿಂದಲೂ ಇದಕ್ಕೆ ಬೆಲೆ ಜಾಸ್ತಿ. 1080ರ ದಾಖಲೆಯಲ್ಲೇ ಊರಿನ ಹೆಸರಿದೆ. ಮುಂದೆ ಜೆನೋವಾ ಎಂಬ ನಗರ ರಾಜ್ಯದ ಆಳ್ವಿಕೆ ಬಂತು. ಕಡಲ್ಗಳ್ಳರ ಮೇಲೆ ಕಣ್ಣಿಡುತ್ತಿದ್ದ ದುಂಡು ಗೋಪುರ ಈಗಲೂ ಬಂಡೆಯ ಮೇಲಿದೆ.

ನನಗೆ ತುಂಬಾ ಇಷ್ಟವಾಗುವುದು ಊರಿನ ಹಿಂದಿನ ಗುಡ್ಡ. ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ, ಕಡಿದಾದ ಇಳಿಜಾರನ್ನು ಮೆಟ್ಟಿಲು ಗದ್ದೆಗಳಂತೆ ಮಾಡಿದ್ದಾರೆ. ಅಲ್ಲಿ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ. ದ್ರಾಕ್ಷಿ ಒಣಗಿಸಿ ಶಾಕೆತ್ರಾ ಎಂಬ ಸಿಹಿ ವೈನ್ ಮಾಡುತ್ತಾರೆ. ಮೀನುಗಾರರ ಊರು ಅಂದುಕೊಳ್ಳುತ್ತೇವೆ, ಅಲ್ವಾ? ನಿಜವಾಗಿ ಇವರು ಕಡಲ ಪಕ್ಕದ ರೈತರೂ ಹೌದು.

1870ರ ದಶಕದಲ್ಲಿ ರೈಲು ಬಂತು. ಹತ್ತಿರದ ಲಾ ಸ್ಪೆತ್ಸಿಯಾದ ನೌಕಾ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿತು. ಜನ ಬೇಸಾಯ ಬಿಡುತ್ತಾ ಹೋದರು, ನೋಡಿಕೊಳ್ಳುವವರಿಲ್ಲದೆ ಎಷ್ಟೋ ಗೋಡೆಗಳು ಕುಸಿದವು. 1997ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2011ರ ಅಕ್ಟೋಬರ್ 25ರಂದು ಭಾರಿ ಮಳೆ ಸುರಿದಾಗ ಗುಡ್ಡದ ಮಣ್ಣು ಮುಖ್ಯ ಬೀದಿಗೆ ನುಗ್ಗಿತು. ಕೆಲವು ಕಡೆ ನಾಲ್ಕು ಮೀಟರ್ ಕೆಸರು ನಿಂತಿತು, ಊರಿನ ಮೂವರು ಸತ್ತರು. ಪಾಳುಬಿದ್ದ ಇಳಿಜಾರುಗಳಿಂದ ಹಾನಿ ಹೆಚ್ಚಾಯಿತು. ಊರವರು ಕೆಸರು ತೆಗೆದು ಅಂಗಡಿಗಳನ್ನು ಮತ್ತೆ ತೆರೆದರು. ಕಲ್ಲುಗೋಡೆ ಕಟ್ಟುವ ಕೆಲಸ ಈಗಲೂ ನಡೆಯುತ್ತಿದೆ.